ಕೆಂಪು ಪಟ್ಟಿ ಬಿಚ್ಚಿದ ಜವರಪ್ಪ

ಹಿನಕಲ್ಲಿನ ಜವರಪ್ಪನ ಕೆನ್ನೆಗೆ ಜೀವಮಾನದಲ್ಲಿ ಬಿದ್ದದ್ದು ಒಂದೇ ಏಟು. ಅದು ಎಡಗೈ ಏಟು. ಹೊಡೆದವನಿಗೆ ಬಲಗೈ ಇರಲಿಲ್ಲ, ಅದು ಹೋಗಿದ್ದು ಜವರಪ್ಪನಿಂದಲೇ.

ಮೈಸೂರಿನ ಹೊರಗಿರುವ ಒಂದು ವಿಮಾನ ತರಬೇತಿ ಶಾಲೆಯಲ್ಲಿ ಅವನು ಇಪ್ಪತ್ತೆರಡು ವರ್ಷದಿಂದ ಮೆಕ್ಯಾನಿಕ್. ಸದ್ದು ಕೇಳಿಯೇ ಎಂಜಿನ್ನಿನ ಕಾಯಿಲೆ ಹೇಳುವಷ್ಟು ಪಳಗಿದ ಕಿವಿ. ಬಾಯಿಗೆ ಮಾತ್ರ ಬೀಗ. ಆ ಬೀಗ ಹುಟ್ಟಿನಿಂದ ಬಂದದ್ದಲ್ಲ, ಹೋದ ವರ್ಷ ಬಿದ್ದದ್ದು.

ಶಾಲೆಯಲ್ಲೊಂದು ತಪ್ಪಿನ ಪುಸ್ತಕವಿತ್ತು. ಯಾರು ಎಲ್ಲಿ ಎಡವಿದರೂ ಅದರಲ್ಲಿ ಬರೆಯಬೇಕು, ನೋಡಿ ಮಿಕ್ಕವರು ಎಚ್ಚರವಾಗಬೇಕು. ಬರೆದವರಿಗೆ ಶಿಕ್ಷೆಯಿಲ್ಲವೆಂದು ಮೊದಲ ಪುಟದಲ್ಲೇ ಅಚ್ಚಾಗಿತ್ತು. ಅದನ್ನು ನಂಬಿ ಇನ್ನೊಬ್ಬ ಮೆಕ್ಯಾನಿಕ್ ಸಿದ್ದರಾಜು, ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬಿಗಿಮಾಡಲು ಮರೆತೆನೆಂದು ಬರೆದ. ಮ್ಯಾನೇಜರ್ ಮನೋಹರ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಅವನ ಕಪಾಳಕ್ಕೆ ರಪ್ಪನೆ ಬಾರಿಸಿದರು. ತುಟಿ ಒಡೆದು ಅಂಗಿಯೆಲ್ಲ ರಕ್ತವಾಯಿತು. ಅಂದಿನಿಂದ ಪುಸ್ತಕದಲ್ಲಿ ಒಂದಕ್ಷರ ಬೀಳಲಿಲ್ಲ. ತಪಾಸಣೆಗೆ ಬಂದವರಿಗೆ ಖಾಲಿ ಹಾಳೆ ತೋರಿಸಿ ಮನೋಹರ್, "ನಮ್ಮಲ್ಲಿ ತಪ್ಪೇ ಆಗಲ್ಲ ಸಾರ್" ಎನ್ನುತ್ತಿದ್ದರು. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿಗೂ ಇಷ್ಟು ಧೈರ್ಯವಿರಲಿಕ್ಕಿಲ್ಲ.

ಈ ಸಲ ಆಯುಧಪೂಜೆಯ ಹಿಂದಿನ ಸಂಜೆ ಒಂದು ವಿಮಾನದ ಎಂಜಿನ್ನಿನಲ್ಲಿ ತಂತಿಯೊಂದು ತುಂಡಾಗಿದ್ದು ಜವರಪ್ಪನ ಕಣ್ಣಿಗೆ ಬಿತ್ತು. ಆ ತಂತಿ ಹೋದರೆ ಕೀಲಿ ತೆಗೆದರೂ ಎಂಜಿನ್ನಿನ ಕಿಡಿ ಸಾಯುವುದಿಲ್ಲ. ಯಾರಾದರೂ ಪ್ರೊಪೆಲ್ಲರನ್ನು ಕೈಯಲ್ಲಿ ತಿರುಗಿಸಿದರೆ ಹೊತ್ತಿಕೊಂಡು ಹೊಡೆದೇಬಿಡಬಹುದು. 'ಮುಟ್ಟಬೇಡಿ' ಎಂಬ ಕೆಂಪು ಪಟ್ಟಿಯನ್ನು ಅದಕ್ಕೆ ಕಟ್ಟಿದ. ಆಗಲೇ ಸರಿಮಾಡೋಣವೆಂದರೆ ಸ್ಪ್ಯಾನರುಗಳೆಲ್ಲ ತೊಳೆಸಿಕೊಂಡು ಪೂಜೆಯ ಮಣೆ ಏರಿದ್ದವು. ಪೂಜೆಗಿಟ್ಟದ್ದನ್ನು ವಿಜಯದಶಮಿ ಕಳೆಯುವ ಮುಂಚೆ ಮುಟ್ಟುವುದುಂಟೇ?

ಮರುದಿನ ಬೂದುಗುಂಬಳ ಒಡೆದು, ಪ್ರೊಪೆಲ್ಲರಿಗೆ ಕುಂಕುಮ ಬಳಿದು, ಚೆಂಡುಹೂವಿನ ಹಾರ ಹಾಕಿದರು. ಮನೋಹರ್ ಫೋಟೊಗೆ ಬಂದು ನಿಂತರು.

"ರೀ ಜವರಪ್ಪ, ಹಬ್ಬದ ದಿನ ಅದೇನ್ರೀ ಅಪಶಕುನ ನೇತಾಕಿದ್ದೀರಿ? ತೆಗೀರಿ ಅತ್ಲಾಗೆ."

ತಂತಿಯ ಮಾತು ನಾಲಿಗೆಯ ತುದಿಗೆ ಬಂತು. ಜೊತೆಗೆ ಸಿದ್ದರಾಜುವಿನ ಒಡೆದ ತುಟಿಯೂ ಕಣ್ಣಿಗೆ ಕಟ್ಟಿತು. ಪಟ್ಟಿ ಬಿಚ್ಚಿ ಜೇಬಿಗೆ ಹಾಕಿಕೊಂಡ. ಫೋಟೊ ಆದಮೇಲೆ ಕಟ್ಟಿದರಾಯಿತು ಎಂದುಕೊಂಡವನು, ಕಡ್ಲೆಪುರಿ ಹಂಚುವ ಗದ್ದಲದಲ್ಲಿ ಮರೆತ.

ದಸರಾ ರಜೆ ಮುಗಿದ ಬೆಳಿಗ್ಗೆ, ವಿಮಾನ ಒರೆಸುವ ಮಹದೇವ ಎಲ್ಲರಿಗಿಂತ ಮೊದಲು ಬಂದ. ಒಣಗಿದ ಕುಂಕುಮ ಉಜ್ಜಲು ಪ್ರೊಪೆಲ್ಲರಿನ ಕೆಳಗಿನ ಅಲಗನ್ನು ಹಿಡಿದು ಮೇಲಕ್ಕೆಳೆದ. ಎಂಜಿನ್ ಒಮ್ಮೆ ಗುಡುಗಿತು, ಅಷ್ಟೆ. ಜವರಪ್ಪ ಗೇಟಿನಿಂದ ಓಡಿಬಂದಾಗ ರಕ್ತ ಗೋಡೆಯವರೆಗೂ ಚಿಮ್ಮಿತ್ತು. ಬಾಡಿದ ಚೆಂಡುಹೂಗಳ ನಡುವೆ ಬಟ್ಟೆ ಹಿಡಿದ ಹಾಗೆಯೇ ಮಹದೇವನ ಬಲಗೈ ಬಿದ್ದಿತ್ತು. ಮಹದೇವ ಪ್ರಾಣ ಹೋಗುವಂತೆ ಕಿರುಚುತ್ತಿದ್ದ. ಜವರಪ್ಪ ತನ್ನ ಬೆಲ್ಟಿನಿಂದ ಆ ತೋಳನ್ನು ಬಿಗಿದು ಕಟ್ಟಿದ.

'ಹೇಳದೆ ಕೇಳದೆ ಮುಟ್ಟಿದ, ತಪ್ಪು ಅವನದೇ' ಎಂದು ಮನೋಹರ್ ವರದಿ ಬರೆಸಿದರು. ಎಲ್ಲರೂ ಸಹಿ ಹಾಕಿದರು. ಜವರಪ್ಪನೂ ಹಾಕಿದ. ಥೂ, ಅಂಥ ಸಹಿಗೆ ಬೆಂಕಿ ಬೀಳಲಿ!

ಐದನೆಯ ದಿನ ಆಸ್ಪತ್ರೆಗೆ ಹೋದಾಗ ಮಹದೇವನೇ ಮಾತು ತೆಗೆದ. "ಅಣ್ಣ, ನಾನೇ ಎಂಗೋ ತಪ್ಪು ಮಾಡ್ಬುಟ್ಟೆ ಅಲ್ವಾ? ಕೆಂಪು ಪಟ್ಟಿ ಇದ್ದಿದ್ರೆ ಮುಟ್ತಾನೇ ಇರ್ಲಿಲ್ಲ ಕಣಣ್ಣ."

ಜವರಪ್ಪನಿಗೆ ಇನ್ನು ತಡೆಯಲಾಗಲಿಲ್ಲ. ಜೇಬಿನಿಂದ ಪಟ್ಟಿ ತೆಗೆದು ಹಾಸಿಗೆಯ ಮೇಲಿಟ್ಟು, ಆದದ್ದನ್ನೆಲ್ಲ ಹೇಳಿದ. ಮಹದೇವ ಪಟ್ಟಿಯನ್ನೇ ನೋಡಿದ. ಆಮೇಲೆ ಗ್ಲೂಕೋಸ್ ಏರಿಸಿದ್ದ ಎಡಗೈ ಎತ್ತಿ ಬೀಸಿದ. ಸೂಜಿ ಕಿತ್ತುಬಂದು ರಕ್ತ ಜವರಪ್ಪನ ಮುಖಕ್ಕೆ ಸಿಡಿಯಿತು.

"ಇನ್ನೂ ಹೊಡಿಯೋ," ಎಂದ ಜವರಪ್ಪ ಅಳುತ್ತ.

"ನಿಂಗೊಡೆದ್ರೆ ನನ್ ಕೈ ಬತ್ತದಾ? ಹೋಗು. ಎಲ್ಲಿ ಹೇಳ್ಬೇಕಿತ್ತೋ ಅಲ್ಲೋಗಿ ಹೇಳು."

ಅಲ್ಲಿಂದ ನೇರ ಶಾಲೆಗೆ ಹೋಗಿ, ಮುಖದ ರಕ್ತವನ್ನೂ ಒರೆಸಿಕೊಳ್ಳದೆ, ತಪ್ಪಿನ ಪುಸ್ತಕದಲ್ಲಿ ಎಲ್ಲವನ್ನೂ ಬರೆದ. ಸುಳ್ಳು ಸಹಿ ಹಾಕಿದ್ದನ್ನೂ ಬಿಡಲಿಲ್ಲ. ಓದಿದ ಮನೋಹರ್ ಅವನ ಕೊರಳಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಿ ಕೈ ಎತ್ತಿದರು. ನಡುವೆ ಬಂದು ನಿಂತವನು ಸಿದ್ದರಾಜು.

"ಪಟ್ಟಿ ಬಿಚ್ಚಿದ್ದನ್ನ ನಾನೂ ನೋಡಿದ್ದೆ ಸಾರ್. ಹೊಡೆಯೋದಾದ್ರೆ ಹೊಡ್ದುಬುಡಿ, ಆಮೇಲೆ ಬರೀತೀನಿ."

ಎತ್ತಿದ ಕೈ ಇಳಿಯಿತು. ಸಿದ್ದರಾಜು ಬರೆದ. ಅವನ ಹಿಂದೆ ಇನ್ನೂ ಮೂವರು ಬಂದು, ತಾವೂ ನೋಡಿದ್ದೆವೆಂದು ಬರೆದರು. ಒಂದೇ ಪುಟದಲ್ಲಿ ಐದು ಹೆಸರು ಬಿದ್ದವು. ಆ ಐವರಲ್ಲಿ ಒಬ್ಬನಾದರೂ ಆಯುಧಪೂಜೆಯ ದಿನ ಬಾಯಿ ಬಿಟ್ಟಿದ್ದರೆ ಮಹದೇವನ ಕೈ ಉಳಿಯುತ್ತಿತ್ತು.