ಆಯಿಯ ಪದವೂ ಹದಿಮೂರನೆಯ ಚಾನೆಲ್ಲೂ

ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ತನ್ನ ತವರು ತಡವಳದ ಹೆಂಗಸರ ಜೊತೆ ಹಾಡಿದ ಬೀಸುಕಲ್ಲಿನ ಪದವನ್ನು ಗಡಿಯಾಚೆಯ ಕನ್ನಡ ರೇಡಿಯೋದವರು ರೆಕಾರ್ಡ್ ಮಾಡಿಕೊಂಡು ಹೋಗಿದ್ದರು. ಪ್ರಸಾರ ಬೆಳಗ್ಗೆ ಹತ್ತಕ್ಕೆ. ಸೊಲ್ಲಾಪುರದ ನಮ್ಮ ಓಣಿಯಲ್ಲಿ ಆಯಿ ಮನೆಮನೆಗೂ ಹೋಗಿ, ‘ರೇಡಿಯೋದಾಗ ನಾ ಹಾಡಾಕತ್ತೀನಿ, ಚಹಾಕ್ಕ ಬರ್ರಿ’ ಎಂದು ಕರೆದು ಬಂದಿದ್ದಳು.

ಆ ನಿಲಯದ ದನಿ ನಮ್ಮಲ್ಲಿಗೆ ತಲುಪುವಷ್ಟರಲ್ಲಿ ಬರೀ ಗರಗರ. ಅದಕ್ಕೇ ನಾನು ಹಳೆಯ ಸಾಮಾನಿನ ಬಜಾರಿನಿಂದ ಪರದೇಶದ ರೇಡಿಯೋ ಪೆಟ್ಟಿಗೆಯೊಂದನ್ನು ತಂದಿಟ್ಟಿದ್ದೆ. ವೈಫೈ ಸಿಕ್ಕರೆ ಸಾಕು, ಯಾವ ಊರಿನ ನಿಲಯವನ್ನಾದರೂ ಇಂಟರ್ನೆಟ್ಟಿನಿಂದ ಸ್ವಚ್ಛವಾಗಿ ಕೇಳಿಸುತ್ತಿತ್ತು.

ಒಂಬತ್ತೂವರೆಗೆ ಪಡಸಾಲೆಯ ತುಂಬ ಹೆಂಗಸರು. ಗುಂಡಿ ತಿರುವಿದೆ, ನಮ್ಮ ವೈಫೈಯೇ ಅದಕ್ಕೆ ಕಾಣುತ್ತಿಲ್ಲ! ನನ್ನ ಫೋನಿಗೆ ಮಾತ್ರ ಚೆನ್ನಾಗಿ ಕಾಣುತ್ತಿದೆ.

‘ರೇಡಿಯೋ ಮುನಿಸಿಕೊಂಡದೇನ್ರಿ ಆಯಿ?’ ಎಂದರು ಪಕ್ಕದ ಮನೆಯ ಕಾಕು, ನಮಗೆಲ್ಲ ಚಿಕ್ಕಮ್ಮನಂಥವರು.

‘ಫೋನಿನಾಗ ಹಚ್ಚಲೇನು?’ ಎಂದು ಆಯಿಯ ಕಿವಿಯಲ್ಲಿ ಕೇಳಿದೆ.

‘ಬ್ಯಾಡ! ಫೋನಿನಾಗ ಬಂದರ ಮಮ್ಮಗ ಮನ್ಯಾಗಽ ಹಾಡು ತುಂಬಿಸಿ ಇಟ್ಟಾನ ಅಂತಾರ. ಪೆಟ್ಟಿಗ್ಯಾಗಿಂದಽ ಬರಬೇಕು. ಇಲ್ಲಂದ್ರ ಈ ಓಣ್ಯಾಗ ನಾ ಹ್ಯಾಂಗ ಮಾರಿ ತೋರಸ್ಲಿ?’

ಆಗ ಹಿಂದಿನ ದಿನದ ನನ್ನ ಜಾಣತನ ನೆನಪಾಯಿತು. ಓಣಿಯ ವೈಫೈಗಳೆಲ್ಲ ಅವೇ ನಾಲ್ಕಾರು ಚಾನೆಲ್ಲುಗಳಲ್ಲಿ, ಅಂದರೆ ಅಲೆ ಹರಿಯುವ ಹಾದಿಗಳಲ್ಲಿ, ನೂಕಾಡುತ್ತಿವೆ ಎಂದು ನಮ್ಮ ರೌಟರನ್ನು ಖಾಲಿಯಿದ್ದ ಹದಿಮೂರಕ್ಕೆ ಸರಿಸಿದ್ದೆ. ಯಾವ ಚಾನೆಲ್ ಬಳಸಬಹುದೆಂದು ಆಯಾ ದೇಶದ ಸರ್ಕಾರ ಕಟ್ಟಳೆ ಮಾಡಿರುತ್ತದೆ. ಯಂತ್ರ ಮಾಡುವವರು ಅದನ್ನು ಸಾಫ್ಟ್‌ವೇರಿನಲ್ಲೇ ಬರೆದು ಕಳಿಸುತ್ತಾರೆ. ನಮ್ಮಲ್ಲಿ ಹದಿಮೂರರವರೆಗೂ ಸಲ್ಲುತ್ತದೆ. ಆ ಪೆಟ್ಟಿಗೆಯ ದೇಶದಲ್ಲಿ ಹನ್ನೊಂದಕ್ಕೇ ಬೇಲಿ. ದೇಶ ಬದಲಿಸೋಣವೆಂದರೆ ಅದರಲ್ಲಿ ಅಂಥ ಗುಂಡಿಯೇ ಇಲ್ಲ.

ಇಷ್ಟನ್ನೂ ಒದರಿದೆ. ಆಯಿ ಒಂದೇ ಮಾತಿನಲ್ಲಿ ಮುಗಿಸಿದಳು: ‘ಗಂಡನ ಮನಿಗಿ ಬಂದರೂ ತವರಮನಿ ರೀತಿ ಬಿಡವೊಲ್ದು ಅನ್ನು. ಒಳ್ಳೆ ಮನಿ ಹೆಣ್ಣದು. ನೀನಽ ಹಿಂದ ಸರಿ!’

ರೌಟರನ್ನು ಹನ್ನೊಂದಕ್ಕೆ ತಂದೆ. ಪೆಟ್ಟಿಗೆಗೆ ಜೀವ ಬಂತು, ಆದರೆ ಮಾತು ತುಂಡುತುಂಡು. ಹನ್ನೊಂದರಲ್ಲಿ ಯಾರ್ಯಾರಿದ್ದಾರೆಂದು ಫೋನಿನಲ್ಲಿ ನೋಡಿದರೆ ಮೂರು ಮನೆ. ಮೂರೂ ಮನೆಯ ಯಜಮಾನತಿಯರು ನಮ್ಮ ಪಡಸಾಲೆಯಲ್ಲೇ ಚಹಾ ಕುಡಿಯುತ್ತಿದ್ದರು!

‘ಅರ್ಧಾ ತಾಸು ನಿಮ್ಮ ವೈಫೈ ಬಂದ್ ಮಾಡಸ್ರಿ’ ಎಂದು ಕೈಮುಗಿದೆ.

ಕಾಕು ಕಿಟಕಿಯಿಂದಲೇ ಕೂಗಿದರು: ‘ಏ, ವೈಫೈದ ವಾಯರ್ ಕೀಳ್ರೋ! ಆಯಿ ಹಾಡಾಕತ್ತಾರ!’ ಆಚೆಯಿಂದ ಮೊಮ್ಮಕ್ಕಳ ಬೊಬ್ಬೆ. ಉಳಿದಿಬ್ಬರೂ ಮನೆಗೆ ಫೋನ್ ಮಾಡಿ ಗದರಿದರು. ಒಂದೊಂದೇ ವೈಫೈ ಆರಿತು, ಮಾತು ತಿಳಿಯಾಯಿತು.

ಹತ್ತು ಹೊಡೆಯಿತು. ಬೀಸುಕಲ್ಲಿನ ಗುರುಗುರು, ಅದರ ಮೇಲೆ ತೇಲಿ ಬಂದ ಆಯಿಯ ದನಿ. ಎಲ್ಲರೂ ಒಮ್ಮೆ ಪೆಟ್ಟಿಗೆಯನ್ನು, ಒಮ್ಮೆ ಆಯಿಯನ್ನು ನೋಡುತ್ತಿದ್ದರು. ಆಯಿ ಸೆರಗು ಬಾಯಿಗಿಟ್ಟುಕೊಂಡು ಕೂತಿದ್ದಳು, ಹೊಸ ಮದುವಣಗಿತ್ತಿಯ ಹಾಗೆ.

ಪದ ಮುಗಿದದ್ದೇ ತಡ, ‘ಪದದ ಎರಡನೇ ನುಡೀನಽ ರೇಡಿಯೋದವರು ನುಂಗ್ಯಾರ ನೋಡ್ರಿ, ಭಾಡ್ಯಾಗೋಳು!’ ಎಂದು ಸಿಡುಕಿದಳು.

‘ಅಂದ್ರ ಖರೇನಽ ರೇಡಿಯೋ’ ಎಂದು ನಕ್ಕರು ಕಾಕು. ‘ಮಮ್ಮಗ ತುಂಬಿಸಿದ್ರ ಒಂದು ನುಡೀನೂ ಬಿಡತಿದ್ದಿಲ್ಲ. ಆ ನುಡಿ ಈಗ ನೀವಽ ಹೇಳ್ರಿ ಆಯಿ.’

ಆಯಿ ಗಂಟಲು ಸರಿಮಾಡಿಕೊಂಡಳು. ಮೂರು ಹೆಂಗಸರ ಫೋನುಗಳೂ ವೈಫೈ ಕೇಳುವ ಮನೆಯ ಮಕ್ಕಳ ಕರೆಗೆ ಬಡಿದುಕೊಳ್ಳತೊಡಗಿದವು. ಒಬ್ಬರೂ ಎತ್ತಲಿಲ್ಲ.