'ಲಾ' ಅಥವಾ 'ಲಿ'

ನವೆಂಬರ್ ೯, ಭಾನುವಾರ. ಮಧ್ಯಾಹ್ನ ಮೂರೂಕಾಲಿಗೆ ಬರೆಯಲು ಕೂತಿದ್ದೇನೆ. ಆಯಿ, ಎಂದರೆ ನನ್ನ ತಾಯಿ, ಒಳಗೆ ಮಲಗಿದ್ದಾಳೆ.

ಅಣ್ಣ ಸರಕಿನ ಹಡಗಿನಲ್ಲಿ ಅಡುಗೆ ಕೆಲಸಕ್ಕಿದ್ದ. ಈ ವರ್ಷ ಫೆಬ್ರವರಿಯಲ್ಲಿ ಆ ಹಡಗು ಸ್ಲೊವೇನಿಯಾ ಎಂಬ ಸಣ್ಣ ದೇಶದ ಬಂದರಿನಲ್ಲಿದ್ದಾಗ ಅವನಿಗೆ ಜ್ವರ ನೆತ್ತಿಗೇರಿತು. ಅವನನ್ನು ಅಲ್ಲಿಯ ಆಸ್ಪತ್ರೆಗೆ ಸೇರಿಸಿ ಹಡಗು ಮುಂದಿನ ಬಂದರಿಗೆ ಹೊರಟುಹೋಯಿತು. ಆರನೆಯ ದಿನ ನಸುಕಿನಲ್ಲಿ ಅಣ್ಣ ತೀರಿಕೊಂಡ. ಮಿರ್ಜಾನಿನ ನಮ್ಮ ಮನೆಗೆ ಅವನ ದೇಹದ ಪೆಟ್ಟಿಗೆ ಬಂದದ್ದು ಮಾರ್ಚ್ ೪ಕ್ಕೆ.

ಪೆಟ್ಟಿಗೆ ಬಂದ ದಿನದಿಂದ ಆಯಿ ಕೇಳಿದ್ದು ಒಂದೇ ಪ್ರಶ್ನೆ. ಕಾಯಿಲೆ ಯಾವುದು ಎಂದು ಕೇಳಲಿಲ್ಲ, ಔಷಧಿ ಸರಿಯಾಗಿ ಕೊಟ್ಟರೇ ಎಂದೂ ಕೇಳಲಿಲ್ಲ.

"ಅಂವ ಒಬ್ನೇ ಇದ್ದಿದ್ನನೇ ತಂಗಿ? ಅಷ್ಟು ಗೊತ್ತಾದ್ರೆ ಸಾಕು." ಮಗಳಾದ ನನ್ನನ್ನು ಅವಳು ಕರೆಯುವುದು ತಂಗಿ ಎಂದೇ.

ಮಾರ್ಚ್ ೧೯ಕ್ಕೆ ನನ್ನ ಫೋನಿಗೆ ಒಂದು ಧ್ವನಿ ಸಂದೇಶ ಬಂತು. ಕಳಿಸಿದವಳು ಆ ಆಸ್ಪತ್ರೆಯ ನರ್ಸ್. ಅಣ್ಣ ಅವಳಿಗೆ ನನ್ನ ನಂಬರು ಕೊಟ್ಟಿದ್ದನಂತೆ. ಒಂದು ನಿಮಿಷವೂ ಇಲ್ಲದ ಮಾತು, ಎಲ್ಲವೂ ಅವಳ ಭಾಷೆಯಲ್ಲಿ. ಫೋನಿನ ಅನುವಾದ ಅದನ್ನು ಹೀಗೆ ಕನ್ನಡಕ್ಕೆ ತಂದಿತು: ನಿಮ್ಮ ಸಹೋದರ ಶಾಂತರಾಗಿದ್ದರು, ಕಿಟಕಿಯಿಂದ ಸಮುದ್ರ ಕಾಣುತ್ತಿತ್ತು, ನಾವು ಬೆಳಗಿಗಾಗಿ ಕಾಯುತ್ತಿದ್ದೆವು.

ಈ 'ನಾವು' ಯಾರು? ನರ್ಸುಗಳೆಲ್ಲ ಸೇರಿ ಕಾದರೋ, ಅಣ್ಣನೂ ಅದರಲ್ಲಿದ್ದನೋ? ನಮ್ಮ 'ನಾವು' ಇಬ್ಬರಿಗೂ ಆಗುತ್ತದೆ, ಇಡೀ ಊರಿಗೂ ಆಗುತ್ತದೆ. 'ಕಾದೆವು' ಎಂದರೆ ಕಾದವರು ಗಂಡಸರೋ ಹೆಂಗಸರೋ ಹೇಳುವಂತಿಲ್ಲ. ಅವಳನ್ನೇ ಕೇಳೋಣವೆಂದರೆ ಆ ನಂಬರು ಏಪ್ರಿಲ್ ಮೊದಲ ವಾರದಿಂದ ಬಂದ್ ಆಗಿದೆ. ಆಸ್ಪತ್ರೆಗೆ ಎರಡು ಸಲ ಬರೆದೆ. ಸಿಬ್ಬಂದಿಯ ವಿವರ ಕೊಡಲಾಗದು ಎಂದು ಮರ್ಯಾದೆಯಿಂದಲೇ ಉತ್ತರಿಸಿದರು.

ಹಾಗಾಗಿ ಆ ಭಾಷೆಯನ್ನೇ ಕಲಿಯತೊಡಗಿದೆ. ನಾನು ಹೊನ್ನಾವರದ ಒಂದು ಶಾಲೆಯಲ್ಲಿ ಪಾಠ ಮಾಡುತ್ತೇನೆ. ಹೋಗುವ ಬಸ್ಸಿನಲ್ಲಿ ಹತ್ತು ಪದ, ಬರುವ ಬಸ್ಸಿನಲ್ಲಿ ಎರಡು ವಾಕ್ಯ ಎಂದು ಲೆಕ್ಕ ಇಟ್ಟುಕೊಂಡೆ. ಸಂಜೆ ಅಡುಗೆಮನೆಯಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರೆ ಆಯಿ, "ಬೆಕ್ಕಿಗೆ ಬೈದಾಂಗೆ ಕೇಳ್ತು" ಎನ್ನುತ್ತಿದ್ದಳು. ಅಷ್ಟು ದಿನಗಳಲ್ಲಿ ಅವಳ ಮುಖದಲ್ಲಿ ನಗು ಕಂಡದ್ದು ಆಗಲೇ.

ನಾನು ಮಾಡಿದ ಮೊದಲ ವಾಕ್ಯವೇ ತಪ್ಪಿತ್ತು. ಅಣ್ಣ ಮನೆಯಲ್ಲಿದ್ದಾನೆ ಎನ್ನಲು ವ್ಯಾಕರಣದ ಪುಸ್ತಕದಲ್ಲಿ 'ಬ್ರಾತ್ ಯೆ ದೊಮಾ' ಎಂದಿತ್ತು. 'ಯೆ' ತೆಗೆದು 'ನಿ' ಹಾಕಿದರೆ ಇಲ್ಲ ಎಂದಾಗುತ್ತದೆ ಎಂದುಕೊಂಡು 'ಬ್ರಾತ್ ನಿ ದೊಮಾ' ಎಂದು ಬರೆದೆ. ಅರ್ಥವೇನೋ ಆಗುತ್ತದಂತೆ, ಆದರೆ ಅಲ್ಲಿಯವರ ಬಾಯಲ್ಲಿ ಹಾಗೆ ಬರುವುದಿಲ್ಲ. 'ಬ್ರಾತಾ ನಿ ದೊಮಾ' ಎನ್ನಬೇಕು. ಇದ್ದರೆ ಬ್ರಾತ್, ಇಲ್ಲದಿದ್ದರೆ ಬ್ರಾತಾ. ಇಲ್ಲದವನ ಹೆಸರು ಇದ್ದವನ ಹೆಸರಿನಂತೆ ಉಳಿಯುವುದಿಲ್ಲ. ಕನ್ನಡದಲ್ಲಿ ಅಣ್ಣ ಇದ್ದರೂ ಅಣ್ಣ, ಇಲ್ಲದಿದ್ದರೂ ಅಣ್ಣ. ಅವತ್ತು ಬಸ್ಸಿನಲ್ಲಿ ಎರಡನೆಯ ವಾಕ್ಯ ಬರೆಯಲಾಗಲಿಲ್ಲ.

ಜೂನ್ ೨೨ಕ್ಕೆ ಆ ನರ್ಸಿನ ಕೊನೆಯ ವಾಕ್ಯ ಕಿವಿಗೆ ಬಿಡಿಬಿಡಿಯಾಗಿ ಸಿಕ್ಕಿತು. 'ನ ಯೂತ್ರೊ ಸ್ವ ಚಾಕಲಿ.' ಯೂತ್ರೊ ಎಂದರೆ ಬೆಳಗು, ಚಾಕಲಿ ಎಂದರೆ ಕಾದದ್ದು. ನಡುವೆ ಕೂತ 'ಸ್ವ' ನಮ್ಮಲ್ಲಿಲ್ಲದ ಪದ. ಅದು ಬರೀ 'ನಾವು' ಅಲ್ಲ, 'ನಾವಿಬ್ಬರು'. ಮೂವರಾದರೆ 'ಸ್ಮೊ' ಆಗಿಬಿಡುತ್ತದೆ. ಆ ಭಾಷೆಗೆ ಒಂದು, ಎರಡು, ಆಮೇಲೆ ಬಹಳ. ಫೋನಿನ ಅನುವಾದ ಆ ಎರಡನ್ನು ನುಂಗಿಬಿಟ್ಟಿತ್ತು.

ಓಡಿಹೋಗಿ ಆಯಿಗೆ ಹೇಳಿದೆ. ಅವಳು ಕತ್ತಿಮಣೆಯ ಮೇಲೆ ಕೂತು ಸೌತೆಕಾಯಿ ಹೆಚ್ಚುತ್ತಿದ್ದಳು.

"ಎಂತ ಹೇಳ್ತು ಅದು?"

"ಇಬ್ರು ಹೇಳಿ ಹೇಳ್ತು ಆಯಿ. ಅಣ್ಣ, ಮತ್ತೆ ಅದು, ಆ ನರ್ಸು."

"ಹಂಗಾರೆ ಒಬ್ನೇ ಇದ್ದಿದ್ನಿಲ್ಲೆ," ಎಂದಳು. "ಆತು."

ಆಮೇಲೆ ಅವಳು ಹೊತ್ತಿಗೆ ಸರಿಯಾಗಿ ಊಟ ಮಾಡತೊಡಗಿದಳು. ಆಚೆಮನೆಯವರಿಗೂ, ಕುಮಟೆಯಿಂದ ಬಂದ ನೆಂಟರಿಗೂ ಅದನ್ನೇ ಹೇಳಿದಳು: ಬೆಳಗಾಗುವುದನ್ನು ಇಬ್ಬರೂ ಕಾಯುತ್ತಿದ್ದರಂತೆ, ಕಿಟಕಿಯಲ್ಲಿ ಸಮುದ್ರ ಕಾಣುತ್ತಿತ್ತಂತೆ.

ಆಗಸ್ಟ್ ೧೭ಕ್ಕೆ ನಾನು ವ್ಯಾಕರಣದ ಮುಂದಿನ ಪಾಠಕ್ಕೆ ಬಂದೆ. ಇಬ್ಬರು ಕಾದರೆ ಕ್ರಿಯಾಪದದ ಕೊನೆಯೂ ಬದಲಾಗುತ್ತದೆ. ಇಬ್ಬರೂ ಗಂಡಸರಾದರೆ ಅಥವಾ ಒಬ್ಬ ಗಂಡಸು, ಒಬ್ಬಳು ಹೆಂಗಸಾದರೆ 'ಚಾಕಲಾ'. ಇಬ್ಬರೂ ಹೆಂಗಸರಾದರೆ 'ಚಾಕಲಿ'.

ಆ ಸಂದೇಶವನ್ನು ಎಷ್ಟೋ ಸಲ ಕೇಳಿದ್ದೇನೆ. ಅವಳು ಹೇಳಿದ್ದು 'ಲಿ'. ಅದರಲ್ಲಿ ಅನುಮಾನವಿಲ್ಲ.

ಪುಸ್ತಕದ ಪ್ರಕಾರ ಬೆಳಗಿಗಾಗಿ ಕಾದವರು ಇಬ್ಬರು ನರ್ಸುಗಳು. ಅವರು ಅದೇ ಕೋಣೆಯಲ್ಲಿದ್ದರೋ, ಹೊರಗೆ ಪಡಸಾಲೆಯಲ್ಲಿ ಪಾಳಿ ಮುಗಿಯಲೆಂದು ಕಾದರೋ ಆ ವಾಕ್ಯ ಹೇಳುವುದಿಲ್ಲ. ಆ ಇಬ್ಬರಲ್ಲಿ ಅಣ್ಣ ಇಲ್ಲ. ಇದನ್ನು ಆಯಿಗೆ ನಾನಿನ್ನೂ ಹೇಳಿಲ್ಲ.

ಹೋದ ತಿಂಗಳು ಶಾಲೆಗೆ ಬೆಂಗಳೂರಿನ ಕಡೆಯಿಂದ ಹೊಸ ಶಿಕ್ಷಕಿಯೊಬ್ಬರು ಬಂದರು. ನಾನು ಫೋನಿನಲ್ಲಿ ಆಚೆಮನೆಯವರ ಹತ್ತಿರ, "ಆಯಿ ಬಂತ? ಅದು ಊಟ ಮಾಡ್ತ?" ಎಂದು ವಿಚಾರಿಸುವುದು ಅವರ ಕಿವಿಗೆ ಬಿತ್ತು. ಮನೆಯಲ್ಲಿ ಹಸು ಸಾಕಿದ್ದೀರಾ ಎಂದು ಕೇಳಿದರು. ಹೆಂಗಸರನ್ನು ನಮ್ಮ ಮನೆಮಾತು 'ಅದು' ಎನ್ನುತ್ತದೆ, ಪ್ರೀತಿಯವರನ್ನೂ ಹಾಗೆಯೇ. ವ್ಯಾಕರಣ ಹಿಡಿದು ನಮ್ಮ ಮಾತು ಕೇಳಿದವರಿಗೆ ನನ್ನ ತಾಯಿ ಮನುಷ್ಯಳೇ ಅಲ್ಲ.

ಅಂದಿನಿಂದ ಇದೊಂದೇ ಯೋಚನೆ. ಆ ನರ್ಸೂ ಕಡಲ ತಡಿಯವಳು. ಅವಳ ಮನೆಮಾತೂ ಪುಸ್ತಕದಂತೆ ಇರಲಿಕ್ಕಿಲ್ಲ. ಆ ಕರಾವಳಿಯ ಆಡುಮಾತಿನಲ್ಲಿ ಇಬ್ಬರ ರೂಪಗಳು ಸಡಿಲವಾಗಿವೆ, ಗಂಡಸರೂ ಇರುವ ಗುಂಪಿಗೆ ಬಳಸುವ ಬಹುವಚನದ 'ಲಿ' ಇಬ್ಬರಿಗೂ ನುಗ್ಗುತ್ತದೆ ಎಂದು ಒಂದು ಕಡೆ ಓದಿದೆ. 'ಸ್ವ'ದ ಜೊತೆಗೂ ಹಾಗಾಗುತ್ತದೆಯೇ ಎಂಬುದನ್ನು ಅಲ್ಲಿ ಬರೆದಿರಲಿಲ್ಲ.

ಇದನ್ನು ಓದುವವರಲ್ಲಿ ಯಾರಾದರೂ ಆ ಬಂದರಿನ ಕಡೆ ಇದ್ದು ಬಂದವರು, ಹಡಗಿನವರು, ಆ ಭಾಷೆ ಬಲ್ಲವರು ಇದ್ದರೆ ದಯವಿಟ್ಟು ನನಗೆ ಬರೆಯಿರಿ. ಒಬ್ಬ ಹೆಂಗಸು ತನ್ನನ್ನೂ ಪಕ್ಕದ ಗಂಡಸನ್ನೂ ಸೇರಿಸಿ ಹೇಳುವಾಗ ಅಲ್ಲಿಯವರ ಬಾಯಲ್ಲಿ 'ಸ್ವ ಚಾಕಲಿ' ಎಂದು ಬರುವುದುಂಟೇ? ಇಲ್ಲ ಎಂದಾದರೂ ಬರೆಯಿರಿ.