ಕೆಂಪು ಹೊಳೆ, ಹಸಿರು ಬಾವಿ

ನನ್ನ ಸೋದರಮಾವ ಬೇಕರಿ ನಡೆಸುತ್ತಾನೆ. ಅವನ ಬಾಯಿಯೂ ಅವನ ಒಲೆಯ ಹಾಗೆ, ಆರುವುದೇ ಇಲ್ಲ. ತನ್ನ ಬನ್ನಿನ ರುಚಿಗೆ ಹಿಟ್ಟು ಕಾರಣವಲ್ಲ, ಕೈಗುಣವೂ ಅಲ್ಲ, ಹಿತ್ತಿಲ ಬಾವಿಯ ನೀರೇ ಕಾರಣ ಎಂದು ಕೊಳ್ಳಲು ಬಂದವರಿಗೂ ಸುಮ್ಮನೆ ನೆರಳಿಗೆ ನಿಂತವರಿಗೂ ಹೇಳುತ್ತಿದ್ದ. ಬೀದಿಯವರೂ ಕುಡಿಯಲು ಅದೇ ನೀರು ಒಯ್ಯುತ್ತಿದ್ದರು. ಕೊಡ ತುಂಬುವ ತನಕ ಅವನ ಭಾಷಣ ಕೇಳಬೇಕಾಗಿತ್ತು, ಅಷ್ಟೇ.

ಹೊಳೆದಂಡೆಯಲ್ಲಿ ದೊಡ್ಡ ಅಪಾರ್ಟ್‌ಮೆಂಟ್ ಎದ್ದ ಮೇಲೆ ಹೊಳೆ ನಾರತೊಡಗಿತು. ಸ್ವಲ್ಪ ದಿನಕ್ಕೆ ಬಾವಿಯೂ ವಾಸನೆ ಹೊಡೆಯಿತು. ಮಾವ ಕೆಂಡಾಮಂಡಲವಾದ. "ಅವರ ಹೊಲಸೆಲ್ಲ ಹೊಳೆಗೆ ಬಿಟ್ಟು, ಅದು ನನ್ನ ಬಾವಿಗೆ ಇಳೀತಾ ಇದೆ!" ಎಂದು ಅಲ್ಲಿಗೇ ಹೋಗಿ ಕೂಗಾಡಿದ. ಅಲ್ಲಿನ ಮ್ಯಾನೇಜರ್ ನಯವಾಗಿ, "ಕೊಳಚೆ ಶುದ್ಧ ಮಾಡೋ ಯಂತ್ರ ಇದೆ ಸಾರ್. ಒಂದು ಹನೀನೂ ಹೊರಗೆ ಹೋಗಲ್ಲ" ಎಂದ.

ಆ ಹನಿಗೆ ಗುರುತು ಹಾಕಬೇಕೆಂದು ಮಾವನಿಗೆ ತೋಚಿದ್ದು ಕೇಕಿನ ಮೇಲೆ ಗುಲಾಬಿ ಬಿಡಿಸುವಾಗ. ಅಪಾರ್ಟ್‌ಮೆಂಟಿನವರ ಹುಟ್ಟುಹಬ್ಬದ ಕೇಕುಗಳನ್ನೆಲ್ಲ ತಾನೇ ಹೊತ್ತುಕೊಂಡು ಹೋಗತೊಡಗಿದ. ಕೇಕ್ ಮೇಜಿನ ಮೇಲಿಟ್ಟ ತಕ್ಷಣ ಹೊಟ್ಟೆ ಹಿಡಿದುಕೊಂಡು, "ಅಮ್ಮಾ, ಬಾತ್‌ರೂಮ್ ಎಲ್ಲಿ?" ಎನ್ನುವುದು, ಒಳಗೆ ಹೋಗಿ ಕೇಕಿನ ಕೆಂಪು ಬಣ್ಣ ಸುರಿದು ನೀರು ಬಿಡುವುದು. ಬೇಕರಿಯವನ ಹೊಟ್ಟೆಯೇ ಸರಿಯಿಲ್ಲ ಎಂದು ಅಲ್ಲಿ ಗುಸುಗುಸು ಎದ್ದಿತು. ಹೊಳೆದಂಡೆಯ ಪೊದೆಯ ಹಿಂದೆ ಕಾಯುವ ಕೆಲಸ ನನ್ನದು. ಸೊಳ್ಳೆಗಳಿಗೆ ನಾನೇ ಹಬ್ಬದೂಟವಾದೆ. ಕೊನೆಗೊಂದು ಸಂಜೆ ಪೊದೆಯೊಳಗಿನ ಕೊಳವೆಯಿಂದ ಕೆಂಪು ನೀರು ದಬದಬ ಹೊಳೆಗೆ ಬಿತ್ತು. ಒಂದು ಬಾಟಲಿ ಹಿಡಿದು ತಂದೆ. ಮಾವ ಕುಣಿದುಬಿಟ್ಟ.

ಅತ್ತೆ ಕುಣಿಯಲಿಲ್ಲ. "ರೀ, ಹೊಳೆ ಕೆಂಪಾಯ್ತು, ಸರಿ. ಬಾವಿ ಯಾಕೆ ಆಗಿಲ್ಲ?"

"ಆಗುತ್ತೆ ಇರೇ. ಅವಸರ ಏನು?"

ಅವಳು ಕಾದು ಕೂರುವವಳಲ್ಲ. ಅಂಗಡಿಯಲ್ಲಿದ್ದ ಹಸಿರು ಬಣ್ಣವನ್ನೆಲ್ಲ ತಂದು ಸ್ವಂತ ಮನೆಯ ಕಕ್ಕಸಿಗೆ ಸುರಿದಳು. ಆ ವಾರವೇ ಬಾವಿಯಿಂದ ಹಸಿರು ನೀರು ಮೇಲೆ ಬಂತು.

ಕಕ್ಕಸಿನ ಗುಂಡಿ ಇದ್ದದ್ದು ಬಾವಿಯ ಬೆನ್ನಿಗೇ. ಅದು ಯಾವಾಗಲೋ ಬಿರುಕು ಬಿಟ್ಟಿತ್ತು. ಮಾವ ಬಾವಿಕಟ್ಟೆಯ ಮೇಲೆ ಕುಸಿದು ಕುಳಿತ. ಮೊದಲು ನನಗೆ ನಗು ತಡೆಯಲಾಗಲಿಲ್ಲ. ಅವನ ಮುಖ ನೋಡಿದ ಮೇಲೆ ಅಳು ಬಂತು.

"ಹೊರಗೆ ಗೊತ್ತಾದ್ರೆ ಬೇಕರಿ ಮುಚ್ಚಿದ ಹಾಗೇ" ಎಂದ. "ಗುಂಡೀನ ಗುಟ್ಟಾಗಿ ರಿಪೇರಿ ಮಾಡಿಸ್ತೀನಿ."

"ಅಲ್ಲೀ ತನಕ ಬೀದಿ ಮಕ್ಕಳು ಇದನ್ನೇ ಕುಡೀಬೇಕಾ? ನೀವು ಹೇಳ್ತೀರೋ, ನಾನು ಹೇಳಲೋ?" ಎನ್ನುತ್ತಾ ಅತ್ತೆ ಬಾವಿಯ ಹಗ್ಗ ಬಿಚ್ಚಿ ಒಳಗೊಯ್ದಳು.

ಮರುದಿನವೇ ಬೀದಿಯವರ ಸಭೆ. ಹೊಳೆ ಕೆಂಪಾದಾಗಲೇ ಮಾವ ಕೊಟ್ಟಿದ್ದ ದೂರಿನ ಮೇಲೆ ನಗರಸಭೆಯ ಅಧಿಕಾರಿಯೂ ಅಪಾರ್ಟ್‌ಮೆಂಟಿನ ಮ್ಯಾನೇಜರೂ ಅಲ್ಲಿನ ಕೆಲವರೂ ಬಂದಿದ್ದರು. ಮಾವ ಎರಡು ಬಾಟಲಿಗಳನ್ನು ಮೇಜಿನ ಮೇಲಿಟ್ಟ.

"ಕೆಂಪು ಈ ಅಪಾರ್ಟ್‌ಮೆಂಟಿನವರ ಕಕ್ಕಸಿಂದು, ಹೊಳೇಲಿ ಸಿಕ್ತು. ಹಸಿರು ನಂದು, ನನ್ನ ಬಾವೀಲೇ ಸಿಕ್ತು. ಇನ್ನು ಯಾರೂ ಆ ನೀರು ಮುಟ್ಟಬೇಡಿ. ಬನ್ನಿಗೂ ಅದನ್ನೇ ಹಾಕ್ತಿದ್ದೆ. ತಪ್ಪಾಯ್ತು."

ಮುಂದಿನ ಸಾಲಿನಲ್ಲಿದ್ದ ಟೈಲರ್ ತಿನ್ನುತ್ತಿದ್ದ ಬನ್ನನ್ನು ಮೆಲ್ಲಗೆ ಕುರ್ಚಿಯ ಕೆಳಗಿಟ್ಟ. ಮಾವ ಮ್ಯಾನೇಜರ್ ಕಡೆ ತಿರುಗಿದ.

"ನನ್ನ ಕಕ್ಕಸನ್ನ ನಾನು ಒಪ್ಪಿಕೊಂಡೆ ಸಾರ್. ನಿಮ್ಮದನ್ನ ನೀವು ಒಪ್ಪಿಕೊಳ್ಳಿ."

ಮ್ಯಾನೇಜರ್ ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ, "ಆ ಯಂತ್ರ ಕೆಟ್ಟು ವರ್ಷ ಆಯ್ತು!" ಎಂದು ಹಿಂದಿನಿಂದ ಒಬ್ಬ ಹೆಂಗಸು ಕೂಗಿದಳು. ಹುಟ್ಟುಹಬ್ಬದ ಕೇಕ್ ತರಿಸಿದವರಲ್ಲಿ ಅವಳೂ ಒಬ್ಬಳು.

ಅಧಿಕಾರಿ ಕೊಳವೆಯನ್ನೂ ಮುಚ್ಚಿಸಿದರು, ಮಾವನ ಗುಂಡಿಯನ್ನೂ ಮುಚ್ಚಿಸಿದರು. ಯಂತ್ರ ರಿಪೇರಿಯಾಯಿತು. ಹೊಳೆ ನಾರುವುದು ಕಡಿಮೆಯಾಗಿದೆ. ಬಾವಿ ಇನ್ನೂ ಪರೀಕ್ಷೆಯಲ್ಲಿ ಪಾಸಾಗಿಲ್ಲ. ಬೇಕರಿ ಬಹಳ ದಿನ ಬಿಕೋ ಎನ್ನುತ್ತಿತ್ತು. ಮಾವ ನಲ್ಲಿ ನೀರು ಕಾಸಿ ಆರಿಸಿ, ಹಿಟ್ಟು ಕಲಸಿ ಬನ್ ಬೇಯಿಸಿ, ಸಂಜೆ ಎಲ್ಲವನ್ನೂ ತಾನೇ ತಿನ್ನುತ್ತಿದ್ದ. ಈಗ ಜನ ಒಬ್ಬೊಬ್ಬರಾಗಿ ಮರಳಿದ್ದಾರೆ.

ಮೊನ್ನೆ ಟೈಲರ್ ಬನ್ ಕಚ್ಚಿ ಮುಖ ಸಿಂಡರಿಸಿದ. "ಏನೇ ಹೇಳಿ, ಆ ಹಳೇ ರುಚಿ ಬರ್ತಾ ಇಲ್ಲ."

ತನ್ನ ಬನ್ನಿನಲ್ಲಿ ಹುಳುಕು ಹುಡುಕಿದವರನ್ನು ಬೀದಿಯ ತುದಿಯವರೆಗೂ ಅಟ್ಟಿಸಿಕೊಂಡು ಹೋಗುತ್ತಿದ್ದ ಮಾವ, ಗಾಜಿನ ಪೆಟ್ಟಿಗೆ ಒರೆಸುತ್ತಾ ತಲೆ ಎತ್ತದೆ, "ಬರೋದೂ ಬೇಡ ಬಿಡಪ್ಪ" ಎಂದ.